ಜೋಡಿ ಹಚ್ಚುವವರು

ಬೀದರ್ ಜಿಲ್ಲೆಯ ಔರಾದ್. ಅಮರೇಶ್ವರ ಜಾತ್ರೆ, ಮಧ್ಯಾಹ್ನ.

ಮೂರಕ್ಕೆ ಕುಸ್ತಿ ಅಂದಿದ್ದರು. ಮೂರೂವರೆ ದಾಟಿದೆ, ಇನ್ನೂ ಒಬ್ಬನೂ ಅಂಗಿ ಬಿಚ್ಚಿಲ್ಲ. ಹಲಗೆಯವರು ಮಾತ್ರ ಬಿಡದೆ ಬಡಿಯುತ್ತಿದ್ದಾರೆ. ನೇಗಿಲು ಹೊಡೆದು, ಹೆಂಟೆ ಒಡೆದು, ಹದ ಮಾಡಿಟ್ಟ ನೆಲ. ಅದರ ಸುತ್ತ ಜನ. ಮುಂದಿನವರು ಕೂತಿದ್ದಾರೆ, ಹಿಂದಿನವರು ನಿಂತಿದ್ದಾರೆ, ಅವರ ಬೆನ್ನಿಗೆ ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಇನ್ನಷ್ಟು ಮಂದಿ. ಟಿಕೆಟ್ ಇಲ್ಲ, ಹಗ್ಗ ಕಟ್ಟಿಲ್ಲ. ಜನರೇ ಕಣದ ಗೋಡೆ.

ಮೈಕು ಹಿಡಿದವರು ಕನ್ನಡದಲ್ಲಿ ಶುರು ಮಾಡಿ, ಮರಾಠಿಗೆ ಹೊರಳಿ, ಉರ್ದುವಿನಲ್ಲಿ ಮುಗಿಸುತ್ತಾರೆ. ಒಂದೇ ವಾಕ್ಯದಲ್ಲಿ. ಯಾರಿಗೂ ಅದು ವಿಶೇಷವಲ್ಲ. ಉದಗೀರದ ಪೈಲ್ವಾನರು ಬಂದಿದ್ದಾರೆ, ದೇಗಲೂರಿನವರು, ನಾರಾಯಣಖೇಡದವರು. 1956ಕ್ಕೆ ಮುಂಚೆ ಉದಗೀರ, ನಿಲಂಗಾ, ಜಹೀರಾಬಾದ್, ನಾರಾಯಣಖೇಡ ಎಲ್ಲವೂ ಬೀದರ್ ಜಿಲ್ಲೆಯಲ್ಲೇ ಇದ್ದವು. ರಾಜ್ಯಗಳ ಗೆರೆ ಬಿದ್ದ ಮೇಲೂ ಪೈಲ್ವಾನರ ಓಡಾಟ ಆ ಹಳೇ ಜಿಲ್ಲೆಯ ದಾರಿಗಳಲ್ಲೇ ಉಳಿದಿದೆ.

ಮೊದಲನೇ ಒಗಟು. ಲಂಗೋಟದ ಮೇಲೆ ಟವೆಲ್ ಸುತ್ತಿದ ಹುಡುಗನೊಬ್ಬ ಬಲಗೈ ಮೇಲೆತ್ತಿಕೊಂಡು ಕಣದ ಅಂಚಿಗೆ ಸುತ್ತು ಹೊಡೆಯುತ್ತಿದ್ದಾನೆ. ಗೆದ್ದವನು ಹೀಗೆ ಸುತ್ತುವುದನ್ನು ಕಂಡಿದ್ದೇನೆ. ಇವನಿನ್ನೂ ಆಡಿಯೇ ಇಲ್ಲ! ಪಕ್ಕದಲ್ಲಿ ಕೂತಿದ್ದ ಹಿರಿಯರನ್ನು ಕೇಳಿದೆ.

“ಕಾಕಾ, ಇವ ಯಾಕೆ ಕೈ ಎತ್ತಿದ್ದಾನೆ?”

“ಜೋಡಿ ಕೇಳ್ಲತ್ತಾನ್ರಿ.”

ಇದಿರಾಳಿಗೆ ಇಲ್ಲಿ ಜೋಡಿ ಎನ್ನುತ್ತಾರೆ. ಎತ್ತಿಗೆ ಎತ್ತು ಜೋಡಿ, ಗಂಡನಿಗೆ ಹೆಂಡತಿ ಜೋಡಿ, ನಿನ್ನನ್ನು ಮಣ್ಣಿಗೆ ಕೆಡವಲು ಬಂದವನೂ ಜೋಡಿ. ನಮ್ಮ ಮೈಸೂರು ಕಡೆಯಲ್ಲೂ ಈ ಮಾತು ಇದೆ. ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವುದೆಂದೇ ಬೇರೆ ದಿನ ಇಡುತ್ತಾರೆ. ನಾವು ದೊಡ್ಡಕೆರೆ ಮೈದಾನದ ಸಾಹುಕಾರ್ ಚೆನ್ನಯ್ಯ ಅಖಾಡಕ್ಕೆ ಹೋಗುವ ಹೊತ್ತಿಗೆ ಅದೆಲ್ಲ ಮುಗಿದು, ಯಾರ ಮೇಲೆ ಯಾರು ಎಂಬುದು ಅಚ್ಚಾಗಿರುತ್ತದೆ. ಹಾಗಾಗಿ ಅಷ್ಟು ವರ್ಷ ಕುಸ್ತಿ ನೋಡಿಯೂ ನಾನು ಈ ಮಾತನ್ನು ಕಿವಿಗೊಟ್ಟು ಕೇಳಿರಲಿಲ್ಲ. ಇಲ್ಲಿ ಜೋಡಿ ಹಚ್ಚುವುದು ಸಾವಿರ ಜನರ ಕಣ್ಣೆದುರಿಗೆ.

ಹಚ್ಚುವವರು ಇಬ್ಬರು ಮುದುಕರು. ಒಬ್ಬರಿಗೆ ಬಿಳಿ ರುಮಾಲು, ಇನ್ನೊಬ್ಬರಿಗೆ ಗಾಂಧಿ ಟೊಪ್ಪಿಗೆ. ತಕ್ಕಡಿ ಇಲ್ಲ, ವಯಸ್ಸಿನ ದಾಖಲೆ ಇಲ್ಲ. ಇಬ್ಬರು ಹುಡುಗರನ್ನು ಭುಜಕ್ಕೆ ಭುಜ ಹಚ್ಚಿ ನಿಲ್ಲಿಸುತ್ತಾರೆ. ರುಮಾಲಿನವರು ಹೆಬ್ಬೆರಳಿನಿಂದ ಮಣಿಕಟ್ಟು ಒತ್ತಿ ನೋಡುತ್ತಾರೆ, ಆಮೇಲೆ ಕತ್ತಿನ ಹಿಂಭಾಗ, ಆಮೇಲೆ ಕಿವಿ. ಕಿವಿ ಯಾಕೆಂದು ಹತ್ತಿರ ಹೋಗಿ ನೋಡಿದ ಮೇಲೆ ತಿಳಿಯಿತು. ವರ್ಷಗಟ್ಟಲೆ ತಲೆಗೆ ತಲೆ ಕೊಟ್ಟು ಆಡಿದವರ ಕಿವಿ ಮಡಚಿ ಗಟ್ಟಿಯಾಗಿ, ಒಣಗಿದ ಅಂಜೂರದ ಹಾಗೆ ಆಗಿರುತ್ತದೆ. ಹಾಲೆ ಇನ್ನೂ ಮೆತ್ತಗಿದ್ದರೆ ಹೊಸಬ. ಮುರಿದ ಕಿವಿಯವನಿಗೆ ಮೆತ್ತನೆ ಕಿವಿಯವನನ್ನು ಹಚ್ಚುವುದಿಲ್ಲ. ಮೈಯಲ್ಲಿ ಎಷ್ಟೇ ಸರಿಸಮ ಇದ್ದರೂ ಇಲ್ಲ.

ಶುರುವಿನ ಕುಸ್ತಿಗಳಿಗೆ ಬಹುಮಾನ ತೆಂಗಿನಕಾಯಿ. ಎಂಟು ಹತ್ತು ವರ್ಷದ ಮಕ್ಕಳು. ಒಬ್ಬ ಟೀವಿ ಕುಸ್ತಿಯ ಜಾನ್ ಸೀನಾ ಚಿತ್ರದ ಬನಿಯನ್ನು ಬಿಚ್ಚಿ ಅಪ್ಪನ ಕೈಗೆ ಕೊಟ್ಟು ಕಣಕ್ಕಿಳಿದ. ಇಳಿದವನೇ ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡ, ಒಂದು ಹಿಡಿ ತೆಗೆದು ಜೋಡಿಯ ಹೆಗಲಿಗೆ ಎರಚಿದ. ಆ ಹುಡುಗನೂ ಇವನಿಗೆ ಎರಚಿದ. ಬೆವರಿನ ಮೈ ಜಾರಬಾರದು, ಹಿಡಿತ ಸಿಗಬೇಕು, ಅದಕ್ಕೆ. ಎದುರಿನವನಿಗೆ ನನ್ನ ಮೈಯ ಮೇಲೆ ಹಿಡಿತ ಸಿಗಲಿ ಎಂದು ಒಪ್ಪಿಕೊಂಡೇ ಇಲ್ಲಿ ಕುಸ್ತಿ ಶುರು. ಹತ್ತು ವರ್ಷದ ಮಗು ಅದನ್ನು ಯಾರೂ ಹೇಳದೆ ಮಾಡಿತು.

ಕಾಯಿಯಾದ ಮೇಲೆ ಐವತ್ತು ರೂಪಾಯಿ, ನೂರು, ಇನ್ನೂರು, ಐನೂರು. ಕಟ್ಟಕಡೆಗೆ ಬೆಳ್ಳಿ ಕಡಗ. ಗೆದ್ದವನು ಕಣ ಸುತ್ತಿ ಬರುವಾಗ ಜನ ಹತ್ತು, ಇಪ್ಪತ್ತರ ನೋಟು ಕೈಗೆ ಇಡುತ್ತಾರೆ. ಸೋತವನಿಗೂ ಕೊಡುವವರಿದ್ದಾರೆ. ಗಾಂಧಿ ಟೊಪ್ಪಿಗೆಯವರು ಸೋತವನಿಗೇ ಹೆಚ್ಚು ಕೊಟ್ಟಿದ್ದನ್ನು ಎರಡು ಸಲ ನೋಡಿದೆ.

ಬರೆದಿಡಬೇಕಾದ್ದು: ಸಂಜೆ ಐದರ ಸುಮಾರಿಗೆ ಒಬ್ಬ ಭಾರೀ ಆಳು ಕೈ ಎತ್ತಿದ. ಇಪ್ಪತ್ತೈದರ ಆಸುಪಾಸು, ಕಂಬದಂಥ ತೊಡೆ, ಎರಡೂ ಕಿವಿ ಮುರಿದಿವೆ. ಒಂದು ಸುತ್ತು ಬಂದ. ಯಾರೂ ಏಳಲಿಲ್ಲ. ಎರಡನೇ ಸುತ್ತು. ಮೈಕಿನಲ್ಲಿ ಮೂರು ಭಾಷೆಯಲ್ಲೂ ಕೂಗಿದರು. ಮೂರನೇ ಸುತ್ತಿಗೆ ಅವನ ಕೈ ಸ್ವಲ್ಪ ಇಳಿದಿತ್ತು. ರುಮಾಲಿನವರು ಅತ್ತ ಇತ್ತ ನೋಡಿ, ಇಬ್ಬರು ಮೂವರನ್ನು ಕರೆದು ನಿಲ್ಲಿಸಿ, ಬೇಡವೆಂದು ತಲೆಯಾಡಿಸಿ ಕಳಿಸಿದರು. ಕೊನೆಗೆ ಅವನ ಕೈಗೆ ಹೋಗಿ ಬರುವ ಖರ್ಚು ಕೊಟ್ಟು ಬೆನ್ನು ತಟ್ಟಿದರು. ಅವ ಟವೆಲ್ ಹೆಗಲಿಗೆ ಹಾಕಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಹೋದ. ಸೋತವರ ಮುಖ ಅಂದು ಇಪ್ಪತ್ತು ಮೂವತ್ತು ನೋಡಿದ್ದೆ, ಯಾವುದೂ ಇಷ್ಟು ಬಾಡಿರಲಿಲ್ಲ.

ಅದೇ ರಾತ್ರಿ, ಬಸ್ಸಿನಲ್ಲಿ.

ನೋಟುಪುಸ್ತಕದ ಹಾಳೆಗೆ ಕಪ್ಪು ಎರೆ ಮಣ್ಣು ಮೆತ್ತಿದೆ. ಒದರಿದರೆ ಹೋಗುವುದಿಲ್ಲ, ತೊಳೆಯಬೇಕು. ಬೀದರಿನ ಜಂಬಿಟ್ಟಿಗೆಯ ಕೆಂಪು ಮಣ್ಣಾದರೆ ಒಣಗಿದ ಮೇಲೆ ಉದುರುತ್ತದೆ.

ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿ. ಹದಿನೈದು ದಿನದ ನಂತರ.

ಇಲ್ಲಿನ ಜಾತ್ರೆ ಸಣ್ಣದು, ಕಣವೂ ಸಣ್ಣದು. ಕಡೆಯ ಕುಸ್ತಿ ನಿಕಾಲಿ, ಎಂದರೆ ಬೆನ್ನು ಮಣ್ಣಿಗೆ ತಾಗುವ ತನಕ ಬಿಡುವಂತಿಲ್ಲ ಎಂದು ಮೈಕಿನಲ್ಲಿ ಹೇಳಿದ್ದರು. ಇಬ್ಬರೂ ಗಟ್ಟಿ ಆಳುಗಳು. ತಲೆಗೆ ತಲೆ ಕೊಟ್ಟರು, ಕತ್ತಿಗೆ ಕೈ ಹಾಕಿದರು, ನಿಂತರು. ಹತ್ತು ನಿಮಿಷ. ಇಪ್ಪತ್ತು ನಿಮಿಷ. ಒಬ್ಬ ಕೆಳಗೆ ಕೂತ, ಇನ್ನೊಬ್ಬ ಬೆನ್ನೇರಿದ, ಮತ್ತೆ ಎದ್ದರು. ಹಲಗೆಯ ಬಡಿತ ಏರಿ, ಇಳಿದು, ಕೊನೆಗೆ ಬೇಸತ್ತ ಹಾಗೆ ನಿಧಾನವಾಯಿತು. ಅರ್ಧ ತಾಸಿಗೆ ಪಂಚರು ಇಬ್ಬರ ಕೈಯನ್ನೂ ಎತ್ತಿ ಸಮಬಲ ಅಂದುಬಿಟ್ಟರು.

ಜನರ ನಡುವಿನಿಂದ ಒಂದು ದನಿ: “ನೂರಾ ಕುಸ್ತಿ!”

ಆ ಮಾತಿಗೆ ಇಡೀ ಕಣ ಗದ್ದಲವಾಯಿತು. ಒಳಗೊಳಗೇ ಒಪ್ಪಂದ ಮಾಡಿಕೊಂಡು ಆಡುವ ಕುಸ್ತಿಗೆ ಉರ್ದು, ಹಿಂದಿಯಲ್ಲಿ ಆ ಹೆಸರು. ಇಲ್ಲಿ ಕನ್ನಡದವರ ಬಾಯಲ್ಲೂ ಅದೇ. ಇದಕ್ಕಿಂತ ದೊಡ್ಡ ಬೈಗುಳ ಕುಸ್ತಿಯ ಕಣದಲ್ಲಿಲ್ಲ. ಆ ಇಬ್ಬರಲ್ಲಿ ಒಬ್ಬನ ಕಣ್ಣಲ್ಲಿ ನೀರು ಬಂತು. ಸಿಟ್ಟಿನದೋ, ಬೆವರು ಇಳಿದದ್ದೋ, ನಾಚಿಕೆಯೋ, ನನಗೆ ತಿಳಿಯಲಿಲ್ಲ.

ಎರಡನೇ ಒಗಟು ಇದೇ. ನನ್ನ ಜೊತೆ ಬಂದಿದ್ದ ಹುಡುಗರು ದಿನಾ ಮೊಬೈಲಿನಲ್ಲಿ ಅಮೆರಿಕದ ಕುಸ್ತಿ ನೋಡುವವರು. ಅಲ್ಲಿ ಯಾರು ಗೆಲ್ಲಬೇಕು ಎಂಬುದು ಮೊದಲೇ ಬರೆದಿಟ್ಟಿದ್ದು ಎಂದು ಅವರಿಗೆ ಚೆನ್ನಾಗಿ ಗೊತ್ತು. 1989ರಲ್ಲಿ ಆ ಕುಸ್ತಿ ನಡೆಸುವ ಕಂಪನಿಯವರೇ ನ್ಯೂಜೆರ್ಸಿಯ ಶಾಸನಸಭೆಯ ಮುಂದೆ, ಇದು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡರು. ಸ್ಪರ್ಧೆ ಎಂದಿದ್ದರೆ ಕ್ರೀಡಾ ಆಯೋಗದ ನಿಯಮ, ತೆರಿಗೆ ಎರಡೂ ಬೀಳುತ್ತಿದ್ದವು. ಒಪ್ಪಿಕೊಂಡ ಮೇಲೂ ಜನ ದುಡ್ಡು ಕೊಟ್ಟು ನೋಡುವುದು ನಿಲ್ಲಲಿಲ್ಲ. ನಾವು ಚಿಕ್ಕವರಿದ್ದಾಗ ಆ ಪೈಲ್ವಾನರ ಎತ್ತರ, ತೂಕ, ಎದೆಯ ಸುತ್ತಳತೆ ಅಚ್ಚು ಹಾಕಿದ ಕಾರ್ಡುಗಳನ್ನು ಬಾಯಿಪಾಠ ಮಾಡಿದ್ದೆವು. ದಾರಾ ಸಿಂಗ್ 1968ರಲ್ಲಿ ಮುಂಬಯಿಯಲ್ಲಿ ಅಮೆರಿಕದ ಲೂ ಥೆಸ್ ಅವರನ್ನು ಸೋಲಿಸಿದ್ದು ನಮ್ಮ ಮನೆಯ ಹಿರಿಯರಿಗೆ ಹಬ್ಬದ ನೆನಪು. ಅದು ಎಂಥ ಕುಸ್ತಿ ಎಂದು ಯಾರೂ ಕೇಳಿರಲಿಲ್ಲ.

ಅಲ್ಲಿ ಬರೆದಿಟ್ಟ ಕುಸ್ತಿಗೆ ಚಪ್ಪಾಳೆ ತಟ್ಟುವ ಹುಡುಗನೇ ಇಲ್ಲಿ ಅನುಮಾನ ಬಂದೊಡನೆ ಕೂಗಿ ಎದ್ದು ನಿಂತ. ನೂರಾ ಕುಸ್ತಿ ಅಂದವನು ನನ್ನ ಜೊತೆ ಬಂದಿದ್ದವನೇ. ವಾಪಸು ಬರುವಾಗ ಯಾಕೆಂದು ಕೇಳಿದೆ. ಅವ ಬಹಳ ಹೊತ್ತು ಯೋಚಿಸಿ ಹೇಳಿದ: “ಅದು ಟೀವಿದ್ದು, ಅಣ್ಣಾ. ಇದು ನಮ್ಮ ಊರಿಂದು.”

ಭಾಲ್ಕಿ. ಮರುದಿನ.

ಇದೇ ಜಿಲ್ಲೆಯ ಬಸವಕಲ್ಯಾಣ ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿ. ಅಲ್ಲಿ ಆಳಿದ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಭಾಗವಿದೆ. ಹನ್ನೆರಡನೇ ಶತಮಾನದ ಗ್ರಂಥ. ಮಲ್ಲರಿಗೆ ಬೇಳೆ, ಮಾಂಸ, ಹಾಲು, ಸಕ್ಕರೆ ಒದಗಿಸುವುದು ಅರಸನ ಹೊಣೆ ಎನ್ನುತ್ತದೆ. ವಯಸ್ಸು, ಮೈಕಟ್ಟು, ಬಲ ನೋಡಿ ಮಲ್ಲರನ್ನು ತರತರವಾಗಿ ವಿಂಗಡಿಸುತ್ತದೆ. ಓದಿದಾಗ ಅರಸರಿಗೆ ಪಟ್ಟಿ ಮಾಡುವ ಹವ್ಯಾಸ ಎಂದುಕೊಂಡಿದ್ದೆ. ಔರಾದಿನ ರುಮಾಲಿನವರನ್ನು ನೋಡಿದ ಮೇಲೆ ಹಾಗನ್ನಿಸುತ್ತಿಲ್ಲ. ವಿಂಗಡಿಸದೆ ಜೋಡಿ ಹಚ್ಚುವುದು ಹೇಗೆ? ಆ ಕಾಲದಲ್ಲೂ ಹೆಬ್ಬೆರಳಿನಿಂದ ಮಣಿಕಟ್ಟು ಒತ್ತಿ ನೋಡುವ ಒಬ್ಬ ಮುದುಕ ಇದ್ದೇ ಇರಬೇಕು.

ಬೀದರ್, ಹಳೇ ಊರು.

ಚೌಬಾರದ ಗೋಪುರದಿಂದ ನಾಲ್ಕು ದಿಕ್ಕಿಗೂ ರಸ್ತೆ ಹೊರಡುತ್ತದೆ. ಸುತ್ತಲ ಓಣಿಗಳ ಹೆಸರು ಕೇಳಿ: ನೂರ್ ಖಾನ್ ತಾಲೀಮ್, ಸಿದ್ದೀಖ್ ಶಾ ತಾಲೀಮ್, ಮಣಿಯಾರ ತಾಲೀಮ್, ಪನ್ಸಾಲ ತಾಲೀಮ್. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಗುಲಾಂ ಯಜ್ದಾನಿ 1947ರಲ್ಲಿ ಬೀದರಿನ ಸ್ಮಾರಕಗಳ ಮೇಲೆ ಪ್ರಕಟಿಸಿದ ದೊಡ್ಡ ಪುಸ್ತಕದಲ್ಲಿ ಈ ತಾಲೀಮುಗಳ ಮಾತು ಬರುತ್ತದೆ. ಊರನ್ನು ನಾಲ್ಕು ಭಾಗ ಮಾಡಿ ಒಂದೊಂದಕ್ಕೆ ಒಂದೊಂದು ಗರಡಿ. ಈಗ ಅವು ಅಂಚೆಯವರಿಗೂ ಆಟೋದವರಿಗೂ ವಿಳಾಸ. ಅಲ್ಲಿ ಹುಟ್ಟಿ ಬೆಳೆದ ಬಹಳ ಮಂದಿ ಮಣ್ಣಿಗೆ ಇಳಿದವರಲ್ಲ, ಆದರೂ ಊರು ಯಾವುದೆಂದರೆ ಗರಡಿಯ ಹೆಸರು ಹೇಳುತ್ತಾರೆ.

ತಾಲೀಮು ಎಂಬ ಪದವೇ ನನ್ನನ್ನು ಎರಡು ದಿನ ಹಿಡಿದು ನಿಲ್ಲಿಸಿತು. ಮೂಲದಲ್ಲಿ ಅದು ಅರಬ್ಬಿ ಪದ, ಕಲಿಸುವುದು ಎಂದರ್ಥ. ಕನ್ನಡಕ್ಕೆ ಬಂದು ಗರಡಿಯೂ ಆಯಿತು, ನಾಟಕದವರ ಅಭ್ಯಾಸವೂ ಆಯಿತು. ಧಾರವಾಡದಲ್ಲೋ ಮೈಸೂರಲ್ಲೋ ತಾಲೀಮು ನಡೀತಿದೆ ಅಂದರೆ ನಾಟಕವೇ. ಮಾತು, ಹೆಜ್ಜೆ, ಸಾವು ಎಲ್ಲವನ್ನೂ ಮೊದಲೇ ಕಟ್ಟಿಕೊಂಡು ನೂರು ಸಲ ಆಡುವುದು. ಬೀದರಿನಲ್ಲಿ ತಾಲೀಮು ಅಂದರೆ ಏನೂ ಕಟ್ಟಿಕೊಳ್ಳದ ಕಣಕ್ಕೆ ಮೈಯನ್ನು ಅಣಿ ಮಾಡುವುದು. ಒಂದೇ ಪದ ಎರಡಕ್ಕೂ ಹೊಂದಿದ್ದಕ್ಕೆ ಕಾರಣ ಇದೆ ಅನ್ನಿಸಿತು. ಎರಡರಲ್ಲೂ ಇನ್ನೊಬ್ಬ ಬೇಕು. ಒಬ್ಬನೇ ಸಾವಿರ ಬಸ್ಕಿ ಹೊಡೆಯಬಹುದು, ಒಬ್ಬನೇ ಒಂದು ಪಟ್ಟನ್ನೂ ಕಲಿಯಲಾರ. ಪಟ್ಟು ಕಲಿಯಬೇಕಾದರೆ ನೂರು ಸಲ ಬೀಳಲು ಒಪ್ಪುವ ಗೆಳೆಯ ಬೇಕು.

ಸಂಜೆ ಒಂದು ಗರಡಿಗೆ ಹೋದೆ. ತಗ್ಗು ಬಾಗಿಲು, ಬಗ್ಗಿಯೇ ಒಳಗೆ ಹೋಗಬೇಕು. ಒಳಗೆ ಕೆಂಪು ಮಣ್ಣಿನ ಹೌದು, ಎಂದರೆ ಕುಸ್ತಿ ಆಡುವ ಗುಂಡಿ. ಅರಿಶಿನ, ಮಜ್ಜಿಗೆ, ಎಣ್ಣೆ, ನಿಂಬೆಹಣ್ಣಿನ ರಸ ಬೆರೆತ ವಾಸನೆ. ಮೂಲೆಯಲ್ಲಿ ಹನುಮಂತನ ಪಟ. ಉಸ್ತಾದರು ಮುಸಲ್ಮಾನರು, ಎಪ್ಪತ್ತರ ಮೇಲೆ. ಆ ಪಟಕ್ಕೆ ಊದುಬತ್ತಿ ಹಚ್ಚಿದವರು ಅವರೇ.

ಭಾಲ್ಕಿಯ ಕುಸ್ತಿಯ ವಿಷಯ ತೆಗೆದೆ. ಅದು ಖರೆಯೋ, ಒಳಒಪ್ಪಂದವೋ? ಅವರು ನೇರ ಉತ್ತರ ಕೊಡಲಿಲ್ಲ.

“ಯಾರ್ ಜೋಡಿ ಹಚ್ಚಿದ್ರು?”

ಪಂಚರು ಅಂದೆ.

“ಅವರಿಬ್ಬರು ಒಂದೇ ತಾಲೀಮಿನ ಹುಡುಗ್ರೇನು?”

ಇರಬಹುದು, ಒಬ್ಬರ ಹೆಸರು ಒಬ್ಬರು ಕರೆಯುತ್ತಿದ್ದರು ಅಂದೆ.

“ಹಂಗಾದ್ರ ಹುಡುಗರಿಗೆ ಯಾಕ ಬಯ್ತೀರಿ? ದಿನಾ ಒಂದೇ ಹೌದಿನಾಗ ಉರುಳೋರು. ಇವನ ಡಾವು ಅವನಿಗಿ ಗೊತ್ತು, ಅವನ್ದು ಇವನಿಗಿ ಗೊತ್ತು. ಹೆಂಗ ಬೀಳ್ತಾರ? ಜೋಡಿ ತಪ್ಪು ಅದ. ಕುಸ್ತಿ ತಪ್ಪಿಲ್ಲ.”

ಆಮೇಲೆ ನನ್ನ ಕಡೆ ತಿರುಗಿ, “ನೀವು ಇಷ್ಟು ನೋಡೀರಿ, ಈಗ ನೀವೇ ಒಂದು ಜೋಡಿ ಹಚ್ರಿ” ಅಂದರು.

ಎಂಟು ಹುಡುಗರು ಸಾಲಾಗಿ ನಿಂತರು. ಎತ್ತರ ಒಂದೇ, ದಪ್ಪ ಒಂದೇ, ವಯಸ್ಸೂ ಹೆಚ್ಚುಕಡಿಮೆ ಒಂದೇ ಎಂದು ಕಂಡ ಇಬ್ಬರನ್ನು ಆರಿಸಿದೆ. ಉಸ್ತಾದರು ಏನೂ ಅನ್ನದೆ ಹೌದಿಗೆ ಬಿಟ್ಟರು. ಕೈ ಕೊಟ್ಟುಕೊಂಡರು, ಮಣ್ಣು ಎರಚಿಕೊಂಡರು, ಅಷ್ಟರಲ್ಲಿ ಮುಗಿದೇ ಹೋಯಿತು. ನಾನು ಆರಿಸಿದ ಎಡಗಡೆಯವ ಆಕಾಶ ನೋಡುತ್ತ ಮಲಗಿದ್ದ.

ಅವರು ಎದ್ದು ಬಂದು, ಗೆದ್ದವನನ್ನು ಅಲ್ಲೇ ನಿಲ್ಲಿಸಿ, ಸಾಲಿನ ಕೊನೆಯಲ್ಲಿದ್ದ ಕುಳ್ಳನನ್ನು ಕರೆದರು. ಇವನ ಎದೆಯವರೆಗೂ ಬರದ ಹುಡುಗ. ಅವನ ಮಣಿಕಟ್ಟನ್ನು ನನ್ನ ಕೈಗೆ ಕೊಟ್ಟು ಒತ್ತಿ ನೋಡಿ ಅಂದರು. ಒತ್ತಿದೆ. ಒಳಗೆ ಹುರಿ ಹೊಸೆದ ಹಗ್ಗ ಇದ್ದಂತಿತ್ತು.

ಇಬ್ಬರೂ ಇಳಿದರು. ಉದ್ದನೆಯವ ಕತ್ತಿಗೆ ಕೈ ಹಾಕಿದರೆ ಕುಳ್ಳ ಕಾಲಿಗೆ ನುಗ್ಗುತ್ತಿದ್ದ, ಇವ ಮೇಲಿಂದ ಒತ್ತಿದರೆ ಅವ ಕೆಳಗಿಂದ ಜಾರಿ ಹಿಂದೆ ಬರುತ್ತಿದ್ದ. ಸಾಲಿನ ಹುಡುಗರು ತಮಗರಿವಿಲ್ಲದೆ ಹೌದಿನ ಅಂಚಿಗೆ ಬಂದು ಕುಕ್ಕುರುಗಾಲಲ್ಲಿ ಕೂತರು. ಉಸ್ತಾದರು ಒಂದು ಮಾತೂ ಆಡದೆ ಗೋಡೆಗೆ ಒರಗಿ ನೋಡುತ್ತಿದ್ದರು. ಹೊರಗೆ ಮಗರಿಬ್‌ನ ಆಜಾನ್ ಕೇಳಿಸಿತು. ಇಬ್ಬರೂ ತಾವಾಗಿಯೇ ಕೈ ಬಿಟ್ಟು ನಿಂತರು. ಕುಳ್ಳ ತಿರುಗಿ ಬೆನ್ನು ಕೊಟ್ಟ, ಉದ್ದನೆಯವ ಅಂಗೈಯ ಅಂಚಿನಿಂದ ಆ ಬೆನ್ನಿನ ಮಣ್ಣನ್ನು ಮೇಲಿನಿಂದ ಕೆಳಗೆ ಕೆರೆದು ಹೌದಿಗೆ ಹಾಕಿದ. ಆಮೇಲೆ ತಾನು ತಿರುಗಿ ನಿಂತ. ಕುಳ್ಳನಿಗೆ ಹೆಗಲು ಎಟುಕಲಿಲ್ಲ, ಇವ ಸ್ವಲ್ಪ ಮಂಡಿ ಬಗ್ಗಿಸಿದ.