ಒಂದರ ಮೇಲೊಂದು

ಮನೆ ಚಿಕ್ಕದಾದಷ್ಟೂ ಅದರೊಳಕ್ಕೆ ಬರುವ ಪ್ರತಿಯೊಂದು ವಸ್ತುವೂ ಇನ್ನೊಬ್ಬರ ಜಾಗವನ್ನು ಕೇಳಿಕೊಂಡೇ ಬರುತ್ತದೆ. ದೊಡ್ಡ ಮನೆಗೆ ಹೊಸ ಮಂಚ ಬಂದರೆ ಹಳೆಯದು ಹಿಂದಿನ ಕೋಣೆಗೆ ಸರಿಯುತ್ತದೆ, ಯಾರಿಗೂ ನೋವಿಲ್ಲ. ನಮ್ಮಂಥವರ ಎರಡು ಕೋಣೆಯ ಫ್ಲಾಟಿನಲ್ಲಿ ಹಾಗಾಗದು. ನಮ್ಮಲ್ಲಿ ಗ್ರೈಂಡರು ಬಂದ ದಿನ ಮಗಳ ಸೈಕಲ್ಲು ಕೆಳಗಿಳಿಯಿತು. ನನ್ನ ಪುಸ್ತಕದ ಬೀರು ಬಂದ ದಿನ ಹೆಂಡತಿಯ ಹೊಲಿಗೆ ಯಂತ್ರ ಮಂಚದ ಕೆಳಕ್ಕೆ ಹೋಯಿತು, ಇನ್ನೂ ಮೇಲೆದ್ದಿಲ್ಲ. ಆದ್ದರಿಂದ, ಹದಿಮೂರು ವರ್ಷ ದುಡಿದ ಹಳೆಯ ವಾಷಿಂಗ್ ಮೆಷೀನು ಕೊನೆಯುಸಿರೆಳೆದು, ಅದರ ಜಾಗಕ್ಕೆ ಒಗೆಯುವ ಯಂತ್ರದ ಜೊತೆಗೆ ಒಣಗಿಸುವ ಯಂತ್ರವೂ ಬೇಕೆಂದು ಮನೆಯಲ್ಲಿ ಠರಾವಾದಾಗ, ನಾನು ಅಂಗಡಿಗೆ ಹೋಗುವ ಮುನ್ನ ಅಳತೆಯ ಟೇಪನ್ನು ಹುಡುಕಿ ತೆಗೆದೆ.

ಅಡಿಗೆಮನೆಯ ಹಿಂದೆ ಕಟ್ಟಿದವರು ಬಿಟ್ಟಿರುವ ಜಾಗಕ್ಕೆ ನಕ್ಷೆಯಲ್ಲಿ ‘ಯುಟಿಲಿಟಿ’ ಎಂದು ಹೆಸರು. ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು, ಕನ್ನಡ ಪಾಠ ಹೇಳುವ ನಾನು ಯೋಚಿಸುತ್ತಿರುವಾಗಲೇ ಅಮ್ಮ ಅದನ್ನು ‘ಹಿತ್ತಿಲು’ ಎಂದು ಕರೆದು ಮುಗಿಸಿದ್ದಳು. ಬೆಂಗಳೂರಿನಲ್ಲಿ, ಮೂರನೆಯ ಮಹಡಿಯ ಮೇಲೆ, ಹಿತ್ತಿಲು! ಏಳಡಿ ಉದ್ದ, ನಾಲ್ಕೂಕಾಲು ಅಡಿ ಅಗಲ. ಒಂದು ನಲ್ಲಿ, ಮೂಲೆಯಲ್ಲಿ ಒಂದು ಮೋರಿ, ಕಬ್ಬಿಣದ ಸರಳು, ಸರಳಿನಾಚೆ ಪೂರ್ವದ ಆಕಾಶ. ಬೆಳಿಗ್ಗೆ ಎಂಟರಿಂದ ಹತ್ತೂವರೆಯವರೆಗೆ ಅಲ್ಲಿ ಬಿಸಿಲು ಬೀಳುತ್ತದೆ. ನಮ್ಮ ಇಡೀ ಮನೆಗೆ ದಿನವೊಂದಕ್ಕೆ ಸಿಕ್ಕುವ ಬಿಸಿಲು ಅಷ್ಟೇ. ದಕ್ಷಿಣದ ಖಾಲಿ ನಿವೇಶನದಲ್ಲಿ ಐದು ಅಂತಸ್ತಿನ ಕಟ್ಟಡ ಎದ್ದಮೇಲೆ ಸೂರ್ಯ ಉಳಿದ ವೇಳೆಯನ್ನೆಲ್ಲ ಅವರ ಹೆಸರಿಗೆ ಬರೆದುಕೊಟ್ಟಿದ್ದಾನೆ.

ಆ ಎರಡೂವರೆ ಗಂಟೆಗೆ ಹಕ್ಕುದಾರರು ಇಬ್ಬರು: ಒಗೆದ ಬಟ್ಟೆ ಮತ್ತು ಅಮ್ಮ. ಅಮ್ಮನಿಗೆ ಈಗ ಎಪ್ಪತ್ತಾರು. ಮಂಡಿಯ ನೋವಿನಿಂದ ಕೆಳಗಿಳಿದು ಓಡಾಡುವುದನ್ನು ಬಿಟ್ಟು ಎರಡು ವರ್ಷವಾಯಿತು. ಮಡಿಸುವ ಕುರ್ಚಿಯೊಂದನ್ನು ಹಿತ್ತಿಲಲ್ಲಿ ಹಾಕಿಕೊಂಡು, ಬೆನ್ನಿಗೆ ಬಿಸಿಲು ಕೊಟ್ಟು, ಸೊಪ್ಪು ಬಿಡಿಸುತ್ತಲೋ ಪೇಪರು ಓದುತ್ತಲೋ ಕೂರುವುದು ಅವಳ ದಿನದ ಮುಖ್ಯ ಕಾರ್ಯಕ್ರಮ. ಆದರೆ ನಾಲ್ಕು ಜನರ ಬಟ್ಟೆ ಹಗ್ಗದ ಮೇಲೆ ಹರವಿಕೊಂಡಾಗ ಬಿಸಿಲೆಲ್ಲ ನನ್ನ ಪಂಚೆಗೂ ಹಾಸಿಗೆಯ ಹೊದಿಕೆಗೂ ಸಲ್ಲುತ್ತಿತ್ತು. ಅಮ್ಮ ಅವುಗಳ ನೆರಳಿನಲ್ಲಿ ಕುಳಿತು, ನೆರಳು ಸರಿದ ಹಾಗೆಲ್ಲ ಕುರ್ಚಿಯನ್ನು ಅರ್ಧರ್ಧ ಅಡಿ ಸರಿಸಿಕೊಳ್ಳುತ್ತಿದ್ದಳು. ಒಂದು ದಿನವೂ ದೂರಲಿಲ್ಲ. ಅದನ್ನು ಮೊದಲು ಗಮನಿಸಿದವಳು ನನ್ನ ಹೆಂಡತಿ. “ಬಟ್ಟೆಗೆ ಬೇರೆ ದಾರಿ ಇದೆ, ಅತ್ತೆಗೆ ಇಲ್ಲ” ಎಂದಳು. ಡ್ರೈಯರಿನ ಮಾತು ಹುಟ್ಟಿದ್ದು ಅಂದು.

ಮಳೆಗಾಲದ ಕಷ್ಟವೂ ಇತ್ತೆನ್ನಿ. ಆಷಾಢದ ಜಡಿಮಳೆಯಲ್ಲಿ ಒಗೆದ ಬಟ್ಟೆ ಹಾಲಿನ ಕುರ್ಚಿಗಳ ಬೆನ್ನೇರುತ್ತಿತ್ತು, ಬಾಗಿಲುಗಳ ನೆತ್ತಿಯೇರುತ್ತಿತ್ತು. ಮೂರನೆಯ ದಿನಕ್ಕೆ ಮುಗ್ಗಲು ವಾಸನೆ ಬರುತ್ತಿತ್ತು. ಆದರೆ ಮಳೆಗಾಲ ಕಳೆದುಹೋಗುತ್ತದೆ. ಪಕ್ಕದ ಕಟ್ಟಡ ಕಳೆದುಹೋಗುವುದಿಲ್ಲ.

ಒಗೆಯುವ ಯಂತ್ರಗಳಲ್ಲಿ ಎರಡು ಜಾತಿ. ಒಂದಕ್ಕೆ ಬಾಯಿ ನೆತ್ತಿಯಲ್ಲಿ, ಇನ್ನೊಂದಕ್ಕೆ ಎದೆಯಲ್ಲಿ. ನೆತ್ತಿಯಲ್ಲಿ ಬಾಯಿರುವುದರ ಮೇಲೆ ಏನನ್ನೂ ಇಡುವ ಹಾಗಿಲ್ಲ; ಮುಚ್ಚಳ ತೆರೆಯಬೇಕಲ್ಲ. ಆದ್ದರಿಂದ ಒಂದರ ಮೇಲೊಂದು ಎಂದು ನಿರ್ಧರಿಸಿದವರಿಗೆ ಎದೆಬಾಯಿಯ ಫ್ರಂಟ್ ಲೋಡೇ ಗತಿ. ಅದರ ಪರವಾಗಿ ಬೇರೆ ಮಾತುಗಳೂ ಇವೆ. ಟಾಪ್ ಲೋಡು ಸಾಮಾನ್ಯವಾಗಿ ತೊಟ್ಟಿ ತುಂಬ ನೀರು ಹಿಡಿದು ಬಟ್ಟೆಯನ್ನು ಕಡೆಯುತ್ತದೆ. ಫ್ರಂಟ್ ಲೋಡಿನ ಉರುಳೆ ಅಡಿಯಲ್ಲಿ ಸ್ವಲ್ಪವೇ ನೀರಿಟ್ಟುಕೊಂಡು, ಒಳಗಿನ ಏಣುಗಳಿಂದ ಬಟ್ಟೆಯನ್ನು ಮೇಲಕ್ಕೆತ್ತಿ ಧೊಪ್ಪನೆ ಕೆಳಕ್ಕೆ ಹಾಕುತ್ತದೆ. ಒಂದು ಆವರ್ತಕ್ಕೆ ಸುಮಾರು 50-60 ಲೀಟರ್ ಸಾಕು. ಇನ್ನೊಂದು ಇದರ ಎರಡರಷ್ಟಾದರೂ ಕುಡಿಯುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗಾಗಿ ಕಾದ ಬೆಂಗಳೂರಿನವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಗೆ ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಎಸೆ ಎಂಬ ಅರ್ಥವೂ ಇದೆ. ಬಟ್ಟೆಯನ್ನು ಎತ್ತಿ ಕಲ್ಲಿನ ಮೇಲೆ ಎಸೆಯುವುದೇ ಒಗೆತ. ಆ ಲೆಕ್ಕದಲ್ಲಿ ಎತ್ತಿ ಹಾಕುವ ಫ್ರಂಟ್ ಲೋಡು ನಿಜವಾಗಿ ಒಗೆಯುತ್ತದೆ, ಟಾಪ್ ಲೋಡು ಬರಿದೆ ಕಲಸುತ್ತದೆ ಎಂಬುದು ನನ್ನ ನಿಘಂಟಿನ ತೀರ್ಪು. ಇದನ್ನು ಹೇಳಿದಾಗ ಅಂಗಡಿಯ ಹುಡುಗ ವಿನಯದಿಂದ ನಕ್ಕ. ಅಮ್ಮ ಮಾತ್ರ ಗಂಭೀರವಾಗಿ ಕೇಳಿ, “ಹಾಗಾದರೆ ಇದು ಕಲ್ಲಿನ ಜಾತೀದೇ ಅನ್ನು” ಎಂದು ಒಪ್ಪಿಗೆ ಕೊಟ್ಟಳು.

ಅದೇ ಹುಡುಗ ನಮಗೆ ಮೊದಲು ತೋರಿಸಿದ್ದು ಒಗೆಯುವ, ಒಣಗಿಸುವ ಎರಡು ಕೆಲಸವನ್ನೂ ಒಂದೇ ಹೊಟ್ಟೆಯಲ್ಲಿ ಮಾಡುವ ಯಂತ್ರವನ್ನು. “ಒಂದೇ ಮೆಷೀನು ಸಾರ್. ಹಾಕೋದು ಕೊಳೆ, ತೆಗೆಯೋದು ಒಣಗಿದ್ದು” ಎಂದ. ನನಗೆ ಆಸೆಯಾಯಿತು, ಎರಡಡಿ ಜಾಗದಲ್ಲಿ ಇಡೀ ಸಂಸಾರ!

ಹೆಂಡತಿ ಕೇಳಿದಳು: “ಎಂಟು ಕೇಜಿ ಒಗೆಯುತ್ತೆ ಅಂದಿರಲ್ಲ, ಎಂಟನ್ನೂ ಒಣಗಿಸುತ್ತಾ?”

“ಒಣಗಿಸೋದು ಐದು ಕೇಜಿ ಮೇಡಂ.”

“ಮಿಕ್ಕ ಮೂರು ಕೇಜಿ?”

ಹುಡುಗ ಮೇಲಿನ ಫ್ಯಾನನ್ನು ನೋಡಿದ.

ಅವನದೇನೂ ತಪ್ಪಿಲ್ಲ. ಒದ್ದೆ ಬಟ್ಟೆ ಮುದ್ದೆಯಾಗಿ ಒಂದು ಕಡೆ ಬಿದ್ದಿರುತ್ತದೆ. ಅದು ಒಣಗಬೇಕಾದರೆ ಬಿಸಿಗಾಳಿಯ ನಡುವೆ ಬಿಚ್ಚಿಕೊಂಡು ಹೊರಳಬೇಕು, ಅದಕ್ಕೆ ಹೊಟ್ಟೆಯಲ್ಲಿ ಖಾಲಿ ಜಾಗ ಬೇಕು. ಆದ್ದರಿಂದ ಅಂಥ ಯಂತ್ರಕ್ಕೆ ಪ್ರತಿ ಸಲವೂ ಕಡಮೆ ಬಟ್ಟೆ ಹಾಕಬೇಕು, ಇಲ್ಲವೆ ನಡುವೆ ಅರ್ಧ ಹೊರಕ್ಕೆ ತೆಗೆಯಬೇಕು. ಒಗೆದು ಒಣಗಿಸಿ ಮುಗಿಸುವುದಕ್ಕೆ ಐದಾರು ಗಂಟೆ. ಅಷ್ಟು ಹೊತ್ತೂ ಎರಡನೆಯ ಕಂತಿನ ಬಟ್ಟೆ ಬಕೆಟ್ಟಿನಲ್ಲಿ ಕಾಯಬೇಕು. ಒಬ್ಬಿಬ್ಬರೇ ಇರುವ ಮನೆಗೆ ಅದು ಒಳ್ಳೆಯದೇ. ನಾಲ್ವರ ಮನೆಗೆ ಬೇಡವೆಂದು ತೀರ್ಮಾನಿಸಿದೆವು.

ಒಣಗಿಸುವ ಯಂತ್ರ ಬಿಸಿಲಿಲ್ಲದವರ ನಾಡಿನಲ್ಲಿ ಹುಟ್ಟಿದ್ದು. ಅಮೆರಿಕದ ನಾರ್ತ್ ಡಕೋಟಾದಲ್ಲಿ ರಾಸ್ ಮೂರ್ ಎಂಬಾತನಿಗೆ ಕೊರೆಯುವ ಚಳಿಗಾಲದಲ್ಲಿ ಒದ್ದೆ ಬಟ್ಟೆಯನ್ನು ಹೊರಗೆ ಹರವಿ ಸಾಕಾಗಿ, ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ಒಲೆಯಿಂದ ಕಾಯುವ ಒಂದು ಉರುಳೆಯನ್ನು ಮಾಡಿಕೊಂಡನಂತೆ. ಅದೇ ಬೆಳೆದು 1938ರಲ್ಲಿ ಮಾರುಕಟ್ಟೆಗೆ ಬಂದಾಗ ಅದಕ್ಕಿಟ್ಟ ಹೆಸರು ‘ಜೂನ್ ಡೇ’, ಅಂದರೆ ಜೂನ್ ತಿಂಗಳ ಒಂದು ದಿನ. ಆ ನಾಡಿನಲ್ಲಿ ಜೂನ್ ಎಂದರೆ ಹಿತವಾದ ಬಿಸಿಲು. ನಮ್ಮಲ್ಲಿ ಜೂನ್ ಎಂದರೆ ಮಳೆ ಹಿಡಿಯುವ ಕಾಲ! ವರ್ಷದ ಬಹುಪಾಲು ಬಿಸಿಲಿರುವ ನಾಡಿನವರು ಬಿಸಿಲನ್ನು ವಿದ್ಯುತ್ತಿನಿಂದ ಮಾಡಿಕೊಳ್ಳುವುದೇ ಎಂದು ನನ್ನ ಸಹೋದ್ಯೋಗಿಯೊಬ್ಬರು ಹಾಸ್ಯ ಮಾಡಿದರು. ಅವರಿಗೆ ಜಯನಗರದಲ್ಲಿ ಸ್ವಂತ ತಾರಸಿಯಿದೆ.

ಈ ಡ್ರೈಯರುಗಳಲ್ಲಿ ಮೂರು ಬಗೆ. ಮೊದಲನೆಯದು ಒದ್ದೆ ಬಿಸಿಗಾಳಿಯನ್ನು ಒಂದು ದಪ್ಪ ಕೊಳವೆಯ ಮೂಲಕ ಹೊರಕ್ಕೆ ಉಸಿರಾಡುತ್ತದೆ. ಬೆಲೆ ಕಡಮೆ, ಆದರೆ ಅದರ ಉಸಿರು ನಮ್ಮ ಹಿತ್ತಿಲಿನಲ್ಲಿ ನೇರವಾಗಿ ಅಮ್ಮನ ಮುಖಕ್ಕೇ ಬರುತ್ತಿತ್ತು. ಎರಡನೆಯದು ಆವಿಯನ್ನು ತಣಿಸಿ ನೀರು ಮಾಡಿ ಒಂದು ತೊಟ್ಟಿಯಲ್ಲಿ ಹಿಡಿದಿಡುತ್ತದೆ. ಆದರೆ ಮೊದಲನೆಯದರಂತೆ ಇದೂ ಗಾಳಿಯನ್ನು ಕಾಯಿಸುವುದು ಹೀಟರಿನ ಸುರುಳಿಯಿಂದ. ಮೂರನೆಯದಕ್ಕೆ ಹೀಟ್ ಪಂಪ್ ಎಂದು ಹೆಸರು. ಫ್ರಿಜ್ಜಿನ ವಿದ್ಯೆಯೇ ಅದರ ವಿದ್ಯೆ. ಒಂದು ಕಡೆಯ ತಣ್ಣನೆಯ ಕೊಳವೆಗೆ ತಗಲಿ ಗಾಳಿ ತನ್ನ ತೇವವನ್ನು ನೀರಾಗಿ ಬಿಡುತ್ತದೆ. ಅಲ್ಲಿ ಹೀರಿಕೊಂಡ ಶಾಖವನ್ನೇ ಇನ್ನೊಂದು ಕಡೆಯ ಕೊಳವೆ ಆ ಗಾಳಿಗೆ ಮರಳಿ ಕೊಡುತ್ತದೆ. ಶಾಖ ಪೋಲಾಗದ ಕಾರಣ ವಿದ್ಯುತ್ತು ಹೀಟರಿನದರ ಅರ್ಧದಷ್ಟು ಸಾಕು. ಕಾವೂ ಮಿತವಾದ್ದರಿಂದ ನೂಲು ಬೇಗ ಸವೆಯುವುದಿಲ್ಲ. ನಿಧಾನ ಹೌದು. ಕೊಳ್ಳುವ ಬೆಲೆಯೂ ಹೆಚ್ಚು. ಒಗೆಯುವ ಯಂತ್ರಕ್ಕಿಂತ ಒಣಗಿಸುವುದಕ್ಕೇ ಹೆಚ್ಚು ತೆರಬೇಕಾಗಿ ಬಂದದ್ದು ನನಗೆ ವಿಚಿತ್ರವೆನಿಸಿತು. ದೀಪಾವಳಿಯ ಮುಂಗಡ ಅಲ್ಲಿಗೆ ಮುಗಿಯಿತು.

ಇಲ್ಲಿ ಒಂದು ಲೆಕ್ಕವನ್ನು ಹೇಳಲೇಬೇಕು. ಒಂದು ಲೀಟರ್ ನೀರನ್ನು ಆವಿ ಮಾಡಲು ಹೀಟರಿಗೆ ಹತ್ತಿರ ಹತ್ತಿರ ಮುಕ್ಕಾಲು ಯೂನಿಟ್ ಬೇಕು. ಅದೇ ನೀರನ್ನು ಒಗೆಯುವ ಯಂತ್ರ ಗಿರ್ರನೆ ತಿರುಗಿಸಿ ಹಿಂಡಿ ತೆಗೆದರೆ ಖರ್ಚು ಅದರ ಒಂದು ಸಣ್ಣ ಪಾಲು. ನಿಮಿಷಕ್ಕೆ 1000 ಸುತ್ತು ತಿರುಗುವ ಯಂತ್ರದಿಂದ ಬಂದ ಐದು ಕೇಜಿ ಬಟ್ಟೆಯಲ್ಲಿ ಸುಮಾರು ಮೂರು ಲೀಟರ್ ನೀರು ಉಳಿದಿದ್ದರೆ, 1400 ಸುತ್ತಿನದರಲ್ಲಿ ಸುಮಾರು ಎರಡೂವರೆ. ಅಂದಮೇಲೆ ಡ್ರೈಯರಿನ ಬಿಲ್ಲನ್ನು ಬರೆಯುವುದು ಅದರ ಕೆಳಗೆ ಕೂತಿರುವ ವಾಷರು. ಅಂಗಡಿಗಳಲ್ಲಿ ಇದನ್ನು ತಾವಾಗಿ ಯಾರೂ ಹೇಳುವುದಿಲ್ಲ. ಬಾಗಿಲಿನ ಬಣ್ಣವನ್ನು ಹೇಳುತ್ತಾರೆ.

ಎರಡನ್ನೂ ಪಕ್ಕಪಕ್ಕ ಇಟ್ಟರೆ ಏಳಡಿಯಲ್ಲಿ ನಾಲ್ಕಡಿ ಹೋಯಿತು. ಅಮ್ಮನ ಕುರ್ಚಿ ಮೋರಿಯ ಮೇಲೆ. ಒಂದರ ಮೇಲೊಂದಿಟ್ಟರೆ ಎರಡೇ ಅಡಿ. ಹಾಗೆ ಇಡುವುದಕ್ಕೂ ಒಂದು ಧರ್ಮವಿದೆ: ಒಗೆಯುವುದು ಯಾವಾಗಲೂ ಕೆಳಗೆ, ಒಣಗಿಸುವುದು ಮೇಲೆ. ಕೆಳಗಿನದು ಎಪ್ಪತ್ತು ಕೇಜಿಯ ಆಸಾಮಿ, ಕುಣಿಯುವ ಸ್ವಭಾವ. ಅದನ್ನು ಯಾರ ತಲೆಯ ಮೇಲೂ ಕೂರಿಸಲಾಗದು. ನಡುವೆ ಜೋಡಿಸುವ ಚೌಕಟ್ಟೊಂದು ಬೇಕು. ಅದು ಎರಡೂ ಯಂತ್ರಗಳ ಅಳತೆಗೆ ಹೊಂದುವಂಥದಾಗಿರಬೇಕಾದ್ದರಿಂದ ಎರಡನ್ನೂ ಒಬ್ಬನೇ ತಯಾರಕನಿಂದ ಕೊಳ್ಳುವುದು ಕ್ಷೇಮ. ಸಂಬಂಧ ಬೆಳೆಸುವಾಗ ಒಂದೇ ಒಕ್ಕಲು ನೋಡುವ ಹಾಗೆ.

ಆದರೆ ಎತ್ತರ? ಒಂದೊಂದೂ 85 ಸೆಂಟಿಮೀಟರು. ಎರಡೂ ಸೇರಿ ಐದೂವರೆ ಅಡಿಗೂ ಮಿಗಿಲು. ಮೇಲಿನದರ ಗುಂಡಿಗಳೆಲ್ಲ ಅದರ ನೆತ್ತಿಯ ಪಟ್ಟಿಯಲ್ಲಿ. ನನ್ನ ಹೆಂಡತಿಯ ಎತ್ತರ ಐದಡಿ ಒಂದಂಗುಲ. ಅಂಗಡಿಯಲ್ಲಿ ಜೋಡಿಸಿಟ್ಟಿದ್ದ ಒಂದರ ಮುಂದೆ ಅವಳು ನಿಂತು ತಲೆಯೆತ್ತಿದಳು. ಬಟ್ಟೆ ಹಾಕುವ ಬಾಗಿಲು ಕೈಗೆ ಎಟಕುತ್ತಿತ್ತು, ಅಕ್ಷರಗಳು ಕಾಣುತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ನಾಲ್ಕೈದು ಲೀಟರಿನ ನೀರಿನ ತೊಟ್ಟಿಯೂ ಆ ಪಟ್ಟಿಯ ಪಕ್ಕದಲ್ಲೇ ಇತ್ತು. ತುಂಬಿದ ತೊಟ್ಟಿಯನ್ನು ತಲೆಯ ಮಟ್ಟದಿಂದ ಎಳೆದು ಇಳಿಸುವುದೆಂದರೆ ಒಂದು ದಿನವಲ್ಲ ಒಂದು ದಿನ ಸ್ನಾನವಾದಂತೆಯೇ. ಅವಳು ಒಂದು ಸಲ ಯಂತ್ರವನ್ನು ನೋಡಿದಳು, ಒಂದು ಸಲ ಐದಡಿ ಎಂಟಂಗುಲದ ನನ್ನನ್ನು ನೋಡಿದಳು. “ಏನೂಂದ್ರೆ, ಮೇಲಿನದು ನಿಮ್ಮದು” ಎಂದಳು.

ಹದಿನೆಂಟು ವರ್ಷದ ದಾಂಪತ್ಯದಲ್ಲಿ ಕೆಲಸ ಹಂಚಿಕೊಳ್ಳುವ ವಿಷಯದಲ್ಲಿ ಎಷ್ಟೋ ಚರ್ಚೆಗಳು ನಡೆದಿವೆ, ಭಾಷಣವನ್ನೂ ಮಾಡಿದ್ದೇನೆ. ಸೆಂಟಿಮೀಟರುಗಳಲ್ಲಿ ಇತ್ಯರ್ಥವಾದದ್ದು ಇದೊಂದೇ. ತೊಟ್ಟಿಯ ನೀರನ್ನು ಸಣ್ಣ ಪೈಪಿನಿಂದ ನೇರವಾಗಿ ಮೋರಿಗೆ ಬಿಡುವ ಏರ್ಪಾಡಿರುವ ಮಾದರಿಯನ್ನೇ ಹುಡುಕಿ ಆರಿಸಿದೆ. ಕೊಳ್ಳುವವರು ಇದನ್ನು ಮರೆಯದೆ ಕೇಳಬೇಕು.

ಯಂತ್ರ ಬಂದ ದಿನದ ಗಲಾಟೆಯನ್ನು ವಿಸ್ತರಿಸುವುದಿಲ್ಲ. ಮೋರಿಯ ಕಡೆಗೆ ಇಳಿಜಾರಾಗಿದ್ದ ನೆಲದ ಮೇಲೆ ನೂರಿಪ್ಪತ್ತು ಕೇಜಿಯ ಗೋಪುರ ನೆಟ್ಟಗೆ ನಿಲ್ಲುವ ಹಾಗಿರಲಿಲ್ಲ. ಗಾರೆಯವರು ರಸಮಟ್ಟ ಇಟ್ಟು ಆ ಮೂಲೆಯನ್ನು ಸಮ ಮಾಡಿಕೊಟ್ಟರು. ಎಲೆಕ್ಟ್ರಿಷಿಯನ್ ಹದಿನಾರು ಆಂಪಿಯರಿನ ಎರಡು ಪ್ಲಗ್ಗಿಗೆ ಬೇರೆ ಬೇರೆ ತಂತಿ ಎಳೆದ. 1937ರಲ್ಲಿ ಬೆಂಡಿಕ್ಸ್ ಎಂಬ ಹೆಸರಿನಿಂದ ಬಂದ ಮೊದಮೊದಲ ತಾನೇತಾನಾಗಿ ಒಗೆಯುವ ಫ್ರಂಟ್ ಲೋಡ್ ಯಂತ್ರವನ್ನು ಕುಣಿಯದಂತೆ ನೆಲಕ್ಕೆ ಬೋಲ್ಟು ಹಾಕಿ ಬಿಗಿಯಬೇಕಾಗಿತ್ತಂತೆ. ಈಗ ಒಳಗೇ ಕಾಂಕ್ರೀಟಿನ ತೂಕ ಕಟ್ಟಿರುತ್ತಾರೆ. ಸಾಗಣೆಗಾಗಿ ಬೆನ್ನಿಗೆ ಹಾಕಿರುವ ಬೋಲ್ಟುಗಳನ್ನು ಮಾತ್ರ ಮೊದಲು ಬಿಚ್ಚಬೇಕು, ಇಲ್ಲದಿದ್ದರೆ ಕೆಳಗಿನ ಮನೆಯವರು ದೂರು ಹಿಡಿದು ಮೇಲೆ ಬರುವುದು ಖಂಡಿತ. ಮಗಳು ಕೈಪಿಡಿಯನ್ನು ಗಟ್ಟಿಯಾಗಿ ಓದುತ್ತಾ ನಾಲ್ಕು ಬೋಲ್ಟುಗಳನ್ನೂ ಎಣಿಸಿ ಡಬ್ಬಿಯಲ್ಲಿಟ್ಟಳು.

ಹಗ್ಗಗಳೆಲ್ಲ ಬಿಚ್ಚಿಹೋಗಿ ಒಂದು ಮಾತ್ರ ಉಳಿಯಿತು. ರೇಷ್ಮೆ, ಉಣ್ಣೆ ಡ್ರೈಯರಿಗೆ ಆಗದು. ಐದೂವರೆ ಮೀಟರಿನ ಸೀರೆ ಉರುಳೆಯೊಳಗೆ ಹಗ್ಗದಂತೆ ಹೊಸೆದುಕೊಂಡು ಉಳಿದ ಬಟ್ಟೆಗಳನ್ನೂ ಕಟ್ಟಿಹಾಕುತ್ತದೆ. ಅಮ್ಮನ ಮಡಿಸೀರೆಯ ಮಾತನ್ನಂತೂ ಎತ್ತುವ ಹಾಗೇ ಇರಲಿಲ್ಲ. ಅವು ಆ ಒಂದು ಹಗ್ಗದ ಮೇಲೆ, ಸರಳಿಗೆ ಅಂಟಿಕೊಂಡು, ಯಾರಿಗೂ ಅಡ್ಡವಾಗದೆ ಒಣಗುತ್ತವೆ. ಉಳಿದ ಜಾಗದಲ್ಲಿ ಕುರ್ಚಿ. ಎಂಟರಿಂದ ಹತ್ತೂವರೆಯವರೆಗೆ ಅಮ್ಮ ಅದನ್ನು ಸರಿಸುವ ಕೆಲಸವಿಲ್ಲ.

ಮೊದಲ ದಿನ ಮೇಲಿನ ಯಂತ್ರದಿಂದ ಬೆಚ್ಚನೆಯ ಟವೆಲನ್ನು ತೆಗೆದು ಅಮ್ಮನ ಕೈಯಲ್ಲಿಟ್ಟೆ. ಕೆನ್ನೆಗೆ ಒತ್ತಿ ನೋಡಿಕೊಂಡಳು. “ಇದರೊಳಗೆ ಬಿಸಿಲು ಎಲ್ಲಿಂದ ಬಂತೋ?” ಎಂದಳು. ನಾನು ಮೇಷ್ಟರ ಉತ್ಸಾಹದಿಂದ ಫ್ರಿಜ್ಜಿನ ಉಪಮೆ ಕೊಟ್ಟು, ತಣ್ಣನೆಯ ಕಡೆ, ಬಿಸಿಯ ಕಡೆ ಎಲ್ಲವನ್ನೂ ವಿವರಿಸಿದೆ. ಅವಳು ಪೂರ್ತಿ ಕೇಳಿದಳು. “ಹಾಗಾದರೆ ನಮ್ಮ ಫ್ರಿಜ್ಜಿನ ಹಿಂಭಾಗಾನೂ ಬಿಸಿ ಇರಬೇಕಲ್ಲ ಮಗು?” ಎಂದು ಕೇಳಿದಳು. ಇರುತ್ತದೆ ಎಂದೆ.

ಮರುದಿನ ಕಾಲೇಜಿಗೆ ಹೊರಡುವಾಗ ಕರವಸ್ತ್ರ ಸಿಕ್ಕಲಿಲ್ಲ. ಫ್ರಿಜ್ಜಿನ ಹಿಂದೆ ಒಣಗುತ್ತಿತ್ತು.