ಮುಕ್ಕಾಲು ಗಂಟೆಯ ಆಕಾಶ

ಲಂಡನ್ನಿಂದ ಪ್ಯಾರಿಸ್ಸಿಗೆ ನೇರ ಗೆರೆ ಎಳೆದರೆ ಸುಮಾರು 340 ಕಿಲೋಮೀಟರ್. ಬೆಂಗಳೂರಿನಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋದಷ್ಟೇ ದೂರ. ವಿಮಾನದ ಟಿಕೆಟ್ಟಿನ ಮೇಲೆ ಒಂದೂಕಾಲು ಗಂಟೆ ಎಂದಿರುತ್ತದೆ. ಅದರಲ್ಲಿ ಚಕ್ರ ನೆಲ ಬಿಟ್ಟಿರುವುದು ಮುಕ್ಕಾಲು ಗಂಟೆಯ ಆಸುಪಾಸು. ಮಿಕ್ಕಿದ್ದೆಲ್ಲ ರನ್‌ವೇಯತ್ತ ತೆವಳುವುದಕ್ಕೆ, ಸರದಿ ಕಾಯುವುದಕ್ಕೆ.

ಲಂಡನ್ನಿನ ಮಗಳ ಮನೆಯಲ್ಲಿ ಕೂತು ಟಿಕೆಟ್ ಹುಡುಕುವಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಪ್ಯಾರಿಸ್ಸಿನಲ್ಲಿ ಹತ್ತು ಗಂಟೆಗೆ ಹೊರಡುವ ವಿಮಾನ ಲಂಡನ್ನಿಗೆ ಹತ್ತೂಕಾಲಿಗೇ ಬಂದಿಳಿಯುತ್ತದೆ! ಪ್ಯಾರಿಸ್ಸಿನ ಗಡಿಯಾರ ಒಂದು ಗಂಟೆ ಮುಂದಿರುವುದರ ಫಲ ಇದು. ಹೆಂಡತಿಗೆ ಹೇಳಿದೆ. “ಇನ್ನೇನ್ರೀ, ಹೋಗುವಾಗ ಕಿತ್ತುಕೊಂಡ ಗಂಟೆಯನ್ನೇ ವಾಪಸ್ ಕೊಡ್ತಾರೆ. ಅದರಲ್ಲೇನು ಹೆಚ್ಚುಗಾರಿಕೆ?” ಎಂದಳು.

ಹೋಗುವಾಗ ವಿಮಾನ, ಬರುವಾಗ ರೈಲು ಎಂದು ತೀರ್ಮಾನವಾಯಿತು. ವಿಮಾನ ನಿಲ್ದಾಣದಲ್ಲಿ ಹೆಚ್ಚುವರಿ ಕಿಲೋಗೆ ದುಡ್ಡು ಕೀಳುವ ಕೌಂಟರ್ ಮುಂದೆ, ಚಟ್ನಿಪುಡಿಯ ಡಬ್ಬಿ ಬಿಡುವುದೋ ಸ್ವೆಟರ್ ಬಿಡುವುದೋ ಎಂಬ ಚರ್ಚೆ ನಡೆದಾಗ ನನಗೆ ನೆನಪಾದವರು ಬ್ಲಾಂಷಾರ್ ಮತ್ತು ಜೆಫ್ರೀಸ್. 1785ರ ಜನವರಿ 7ರಂದು ಡೋವರ್‌ನಿಂದ ಬಲೂನ್ ಏರಿ ಇಂಗ್ಲಿಷ್ ಕಾಲುವೆ ದಾಟಿದ ಮೊದಲಿಗರು ಅವರು. ಬಲೂನ್ ಸಮುದ್ರದತ್ತ ಇಳಿಯತೊಡಗಿದಾಗ ಒಂದೊಂದೇ ಸಾಮಾನು ಎಸೆದು, ಕಡೆಗೆ ಮೈಮೇಲಿನ ಬಟ್ಟೆಯನ್ನೂ ಎಸೆದು, ಆ ಚಳಿಯಲ್ಲಿ ಫ್ರಾನ್ಸ್ ಮುಟ್ಟಿದರು. ನಾವು ಸ್ವೆಟರ್ ತೊಟ್ಟುಕೊಂಡು ಚಟ್ನಿಪುಡಿ ಉಳಿಸಿದೆವು.

ಈ ದಾರಿಯಲ್ಲಿ ಟಿಕೆಟ್ ಕೊಂಡು ಹಾರುವ ಕಾಲ ಬಂದದ್ದು 1919ರಲ್ಲಿ. ಆಗಸ್ಟ್ 25ರಂದು, ಈಗಿನ ಹೀಥ್ರೂಗೆ ಹತ್ತಿರದ ಹೌನ್ಸ್ಲೋ ಬಯಲಿನಿಂದ ಪ್ಯಾರಿಸ್ಸಿನ ಲ ಬೂರ್ಜೆಗೆ ದಿನಂಪ್ರತಿ ಸೇವೆ ಶುರುವಾಯಿತು. ಮೊದಲ ದಿನದ ಪ್ರಯಾಣಿಕ ಒಬ್ಬನೇ, ಪತ್ರಕರ್ತ. ಜೊತೆಗೆ ದಿನಪತ್ರಿಕೆಗಳ ಕಟ್ಟು, ಡೆವನ್‌ಷೈರ್ ಕೆನೆ, ಅಡುಗೆಗೆಂದು ಬೇಟೆಯಾಡಿದ ಹಕ್ಕಿಗಳು. ತಗುಲಿದ ಹೊತ್ತು ಸುಮಾರು ಎರಡೂವರೆ ಗಂಟೆ. ಆಗಿನ ಪೈಲಟ್‌ಗಳು ಕೆಳಗಿನ ರೈಲುಹಳಿ, ರಸ್ತೆಗಳನ್ನು ನೋಡಿಕೊಂಡೇ ದಾರಿ ಹಿಡಿಯುತ್ತಿದ್ದರು. ಹೀಗಾಗಿಯೇ 1922ರ ಏಪ್ರಿಲ್ 7ರಂದು ಉತ್ತರ ಫ್ರಾನ್ಸ್‌ನ ಪಿಕಾರ್ಡಿಯ ಮಂಜಿನಲ್ಲಿ, ಲಂಡನ್ನಿನ ಕಡೆಯದೊಂದು ಪ್ಯಾರಿಸ್ಸಿನ ಕಡೆಯದೊಂದು, ಎರಡು ವಿಮಾನಗಳು ಎದುರುಬದುರಾಗಿ ಡಿಕ್ಕಿ ಹೊಡೆದು ಏಳು ಜನ ಸತ್ತರು. ಆಕಾಶಕ್ಕೂ ನಿಗದಿತ ದಾರಿ ಬೇಕೆಂಬ ಮಾತು ಬಲಗೊಂಡದ್ದು ಆಮೇಲೆ.

ಬರುವಾಗಿನ ರೈಲಿನ ಬಗ್ಗೆ ಮೊಮ್ಮಗನಿಗೆ ಭಾರಿ ನಿರೀಕ್ಷೆ. ಇಂಗ್ಲಿಷ್ ಕಾಲುವೆಯಡಿಯ ಸುರಂಗದಲ್ಲಿ ಕಿಟಕಿಯಾಚೆ ಮೀನು ಕಾಣುತ್ತದೆ ಎಂದುಕೊಂಡಿದ್ದ. ಕಂಡದ್ದು ಇಪ್ಪತ್ತು ನಿಮಿಷದ ಕತ್ತಲೆ. ಐವತ್ತು ಕಿಲೋಮೀಟರ್ ಉದ್ದದ ಆ ಸುರಂಗ ಹಾದುಹೋಗುವುದು ಕಡಲ ತಳಕ್ಕಿಂತಲೂ ಕೆಳಗೆ, ಸೀಮೆಸುಣ್ಣದಂಥ ಕಲ್ಲಿನ ಪದರದಲ್ಲಿ. ಅಲ್ಲಿ ಮೀನೆಲ್ಲಿ ಬರಬೇಕು? ಪ್ಯಾರಿಸ್ಸಿನ ಗಾರ್ ದು ನಾರ್ ನಿಲ್ದಾಣದಿಂದ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ಗೆ ಸುಮಾರು ಎರಡೂಕಾಲು ಗಂಟೆ. ಹೆಚ್ಚುಕಡಿಮೆ 1919ರ ವಿಮಾನದಷ್ಟೇ ಹೊತ್ತು! ಆದರೆ ಹತ್ತುವುದೂ ಇಳಿಯುವುದೂ ಊರ ನಡುವೆ. ಮುಕ್ಕಾಲು ಗಂಟೆ ಹಾರಲು ನಾವು ಹೋಗುವಾಗ ಕಳೆದದ್ದು ಅರ್ಧ ದಿನ. ವಿಮಾನದ ವೇಗದ ಲಾಭವನ್ನೆಲ್ಲ ನಿಲ್ದಾಣದ ದಾರಿ, ತಪಾಸಣೆ, ಕ್ಯೂಗಳೇ ತಿಂದುಹಾಕಿದ್ದವು.

ಹಾಗಾಗಿ ಆ ಕಡೆ ಹೋಗುವವರು ರೈಲಿಗೇ ಹೋಗಿ. ಆದರೆ ನೆನಪಿರಲಿ, ಬ್ರಿಟನ್ನಿನ ವೀಸಾ ಫ್ರಾನ್ಸಿಗೆ ನಡೆಯುವುದಿಲ್ಲ. ಷೆಂಗೆನ್ ವೀಸಾವನ್ನು ಬೇರೆಯೇ ಮಾಡಿಸಬೇಕು. ಫ್ರೆಂಚ್ ಪೊಲೀಸರು ಪಾಸ್‌ಪೋರ್ಟ್ ನೋಡುವುದು ಲಂಡನ್ನಿನ ನಿಲ್ದಾಣದಲ್ಲೇ.