ಬಟ್ಟೆಗೆ ಹತ್ತಿದ ಕೆಂಪು

ತಿಂಗಳಿಗೊಂದು ಭಾನುವಾರ ಅಪ್ಪ ನಮ್ಮ ಹಳೆಯ ಕೆಂಪು ಮಾರುತಿ 800ಕ್ಕೆ ಪಾಲಿಶ್ ಹಾಕಿ ಉಜ್ಜುತ್ತಿದ್ದರು. ಹಳೇ ಬನಿಯನ್ನಿನ ಬಟ್ಟೆ ಕೆಂಪಾಗುತ್ತಿತ್ತು. “ನೋಡು, ನಮ್ಮೂರ ಕೆಮ್ಮಣ್ಣು!” ಎನ್ನುತ್ತಿದ್ದರು.

ಅದು ಮಣ್ಣಲ್ಲ, ಬಣ್ಣವೇ ಎಂದು ತಿಳಿದದ್ದು ಪಿಎಚ್‌ಡಿಗೆ ಸೇರಿದ ಮೇಲೆ, ಅಧ್ಯಾಯ ಬರೆಯುವುದನ್ನು ತಪ್ಪಿಸಿಕೊಳ್ಳಲು ಏನೇನೋ ಓದುತ್ತಿದ್ದಾಗ. ಈಗಿನ ಕಾರುಗಳಲ್ಲಿ ಬಣ್ಣದ ಮೇಲೊಂದು ಪಾರದರ್ಶಕ ಲೇಪವಿರುತ್ತದೆ. ನಮ್ಮ ಕಾರಿಗೆ ಇರಲಿಲ್ಲ. ಪಾಲಿಶಿನಲ್ಲಿರುವ ಸಣ್ಣ ಪುಡಿ ಮಂಕಾದ ಮೇಲ್ಪದರವನ್ನು ಉಜ್ಜಿ ತೆಗೆದೇ ಹೊಳಪು ಕೊಡುವುದು. ಅಪರೂಪಕ್ಕೊಮ್ಮೆ ಪಾಲಿಶ್, ನಡುವೆ ಬರೀ ವ್ಯಾಕ್ಸ್ ಸಾಕಿತ್ತು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಬಾನೆಟ್ಟಿನ ಅಂಚಿನಲ್ಲಿ ಪ್ರೈಮರಿನ ಬೂದು ಇಣುಕುತ್ತಿತ್ತು. ಹೇಳಿಬಿಡೋಣ ಅಂದುಕೊಂಡೆ. ಅಪ್ಪ ಬಟ್ಟೆಯ ಇನ್ನೊಂದು ತುಂಡು ಕೈಗಿತ್ತು, “ಆ ಕಡೆ ಬಾಗಿಲು ನೀನು ಉಜ್ಜು” ಎಂದರು. ಒತ್ತದೆ ಉಜ್ಜಿದೆ. ಆದರೂ ಬಟ್ಟೆ ಕೆಂಪಾಯಿತು.